ಒಂದೇ ಚಂದ್ರಿಕೆಯ ಸುತ್ತ: ಬೌದ್ಧಿಕ ವೈಕಲ್ಯವಿರುವ ಯುವಜನರ ಜೊತೆ ಕಲೆ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಜನ ಸೇರುತ್ತೇವೆ. ಎಂಟು ಜನ 16ರಿಂದ 27 ವರ್ಷದೊಳಗಿನ ಯುವಕ ಯುವತಿಯರು. ಅವರಿಗೆ ಬೌದ್ಧಿಕ ವೈಕಲ್ಯ ಇದೆ. ಜೊತೆಗೆ ಅವರ ಮನೆಯವರು, ಇಬ್ಬರು ಚಿತ್ರಕಲಾ ವಿದ್ಯಾರ್ಥಿಗಳು, ಮತ್ತೆ ನಾನು. ರೇಷ್ಮೆಹುಳು ಗೂಡು ಕಟ್ಟುವ ಹಳೇ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಯ ಸುತ್ತ ಕೂತು ಎಲ್ಲರೂ ಸೇರಿ ಒಂದೇ ಕಲಾಕೆಲಸ ಮಾಡುತ್ತೇವೆ. ಇದನ್ನು ನೋಡಿದವರು, ಕೇಳಿದವರು ಬಸ್‌ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ, ಮದುವೆ ಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಕಲಿಕಾ ನ್ಯೂನತೆ ಅಂದ್ರೆ ಬುದ್ಧಿಮಾಂದ್ಯ ಅಂತಾನಾ?

ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಕಲಿಕಾ ನ್ಯೂನತೆ ಬೇರೆ, ಬೌದ್ಧಿಕ ವೈಕಲ್ಯ ಬೇರೆ. ಓದುವುದು, ಬರೆಯುವುದು, ಲೆಕ್ಕ ಇಂಥದ್ದರಲ್ಲಿ ಮಾತ್ರ ತೊಡಕಿದ್ದರೆ ಅದು ಕಲಿಕಾ ನ್ಯೂನತೆ. ಡಿಸ್ಲೆಕ್ಸಿಯಾ ಆ ಜಾತಿಗೆ ಸೇರಿದ್ದು. ಹೊಸದನ್ನು ಅರ್ಥ ಮಾಡಿಕೊಳ್ಳುವುದು, ದಿನದ ಕೆಲಸ ತಾನೇ ನಿಭಾಯಿಸುವುದು ಎರಡೂ ಚಿಕ್ಕಂದಿನಿಂದ ನಿಧಾನ ಆಗಿದ್ದರೆ ಬೌದ್ಧಿಕ ವೈಕಲ್ಯ ಅನ್ನುತ್ತಾರೆ. ಆಟಿಸಂ ಪಟ್ಟಿಯಲ್ಲಿ ಪ್ರತ್ಯೇಕವಾಗಿದೆ. ಕೆಲವರಿಗೆ ಆಟಿಸಂ, ಬೌದ್ಧಿಕ ವೈಕಲ್ಯ ಎರಡೂ ಇರುತ್ತವೆ.

ಗೊಂದಲಕ್ಕೆ ಇನ್ನೊಂದು ಕಾರಣ ಇದೆ. ಇಂಗ್ಲೆಂಡಿನವರು 'ಲರ್ನಿಂಗ್ ಡಿಸೆಬಿಲಿಟಿ' ಅಂದರೆ ನಾವು ಹೇಳುವ ಬೌದ್ಧಿಕ ವೈಕಲ್ಯ ಎಂದೇ ಅರ್ಥ. ಅಲ್ಲಿಯ ಬರಹ ಓದಿದವರು ಇಲ್ಲಿಯ ಡಿಸ್ಲೆಕ್ಸಿಯಾ ಮಕ್ಕಳನ್ನು ನೆನೆಸಿಕೊಳ್ಳುತ್ತಾರೆ.

'ಬುದ್ಧಿಮಾಂದ್ಯ' ಅನ್ನೋ ಪದ ಹಳೇ ಸರ್ಟಿಫಿಕೇಟುಗಳಲ್ಲಿ ಇನ್ನೂ ಇದೆ. ನಾವು ಅದನ್ನು ಬಳಸುವುದಿಲ್ಲ. ನಮ್ಮ ಗುಂಪಿನಲ್ಲಿ ಆ ಪದ ಕೇಳಿದರೆ ಮುಖ ತಿರುಗಿಸುವವರು ಇದ್ದಾರೆ. ಅವರಿಗೆ ಅರ್ಥ ಆಗಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ.

ಜೊತೆಗೂಡಿ ಕಲೆ ಅಂತೀರಲ್ಲ, ಡ್ರಾಯಿಂಗ್ ಕ್ಲಾಸಿಗೂ ಇದಕ್ಕೂ ಏನು ವ್ಯತ್ಯಾಸ?

ಡ್ರಾಯಿಂಗ್ ಕ್ಲಾಸಿನಲ್ಲಿ ಮೇಷ್ಟ್ರಿಗೆ ಮೊದಲೇ ಗೊತ್ತಿರುತ್ತದೆ, ಕೊನೆಗೆ ಏನು ಬರಬೇಕು ಅಂತ. ಮಾವಿನಹಣ್ಣು ಅಂದರೆ ಮಾವಿನಹಣ್ಣು. ನಮ್ಮಲ್ಲಿ ಕೊನೆಗೆ ಏನಾಗುತ್ತದೆ ಅಂತ ಶುರು ಮಾಡುವಾಗ ಯಾರಿಗೂ ಗೊತ್ತಿರುವುದಿಲ್ಲ. ನನಗೂ ಇಲ್ಲ. ಒಬ್ಬರು ಒಂದು ಗೆರೆ ಹಾಕಿದರೆ ಇನ್ನೊಬ್ಬರು ಅದಕ್ಕೆ ಉತ್ತರ ಕೊಡುತ್ತಾರೆ. ಮನೆಯವರೂ ಕೂತು ಮಾಡುತ್ತಾರೆ, ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಅನ್ನುವುದಿಲ್ಲ. ಯಾವ ಬಣ್ಣ, ಎಲ್ಲಿ, ಯಾವಾಗ ಸಾಕು ಅನ್ನುವುದನ್ನು ಎಲ್ಲರೂ ತೀರ್ಮಾನಿಸುತ್ತಾರೆ. ತೀರ್ಮಾನ ಹಂಚಿಕೊಳ್ಳದೆ ಬರೀ ಕೆಲಸ ಹಂಚಿಕೊಂಡರೆ ಅದು ಕೂಲಿ ಆಗುತ್ತದೆ.

ನಮ್ಮ ಮಗನಿಗೆ ಪೆನ್ಸಿಲ್ ಹಿಡಿಯೋಕೇ ಬರಲ್ಲ. ಅವನೇನು ಮಾಡ್ತಾನೆ ಅಲ್ಲಿ?

ಪೆನ್ಸಿಲ್ ಹಿಡಿಯದಿದ್ದರೆ ಬೇಡ. ಬ್ರಷ್ಷಿನ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡುತ್ತೇವೆ. ಕಾಗದ ಜಾರದಂತೆ ನಾಲ್ಕೂ ಮೂಲೆಗೆ ಟೇಪ್ ಹಾಕುತ್ತೇವೆ. ತೆಂಗಿನ ನಾರಿನ ಕಟ್ಟು, ಸ್ಪಂಜು, ಅಂಗೈ, ಮೊಣಕೈ, ಏನಾದರೂ ಆಗುತ್ತದೆ. ಮಣ್ಣು ಕಲಸುವುದು, ಬಟ್ಟೆ ಹರಿಯುವುದು, ದಾರ ಸುತ್ತುವುದು, ಎಲ್ಲವೂ ಕೆಲಸವೇ. ನಮ್ಮಲ್ಲಿ ಒಬ್ಬಳು ಬರೀ ಬಟ್ಟೆ ಹರಿಯುತ್ತಾಳೆ. ಹಳೇ ಪಂಚೆಯನ್ನು ಅವಳು ಹರಿಯುವಾಗ ಬರುವ 'ಪರ್ರ್' ಶಬ್ದ ಅವಳಿಗೆ ಬಹಳ ಇಷ್ಟ. ಅವಳು ಹರಿದ ಪಟ್ಟಿಗಳಿಲ್ಲದೆ ನಮ್ಮ ಯಾವ ಕೆಲಸವೂ ಮುಗಿದಿಲ್ಲ.

ಇದರಿಂದ ಅವಳಿಗೆ ವಾಸಿ ಆಗುತ್ತಾ?

ಇಲ್ಲ. ಬೌದ್ಧಿಕ ವೈಕಲ್ಯ ಕಾಯಿಲೆ ಅಲ್ಲ, ವಾಸಿ ಆಗುವಂಥದ್ದೂ ಅಲ್ಲ. ವಾಸಿ ಮಾಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಸ್ಪೀಚ್ ಥೆರಪಿ, ಫಿಸಿಯೋಥೆರಪಿ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಲೂ ಬೇಡಿ. ಅದು ಬೇರೆ, ಇದು ಬೇರೆ. ಇಲ್ಲಿ ಕೈಗೆ ಕೆಲಸ ಸಿಗುತ್ತದೆ, ಗೆಳೆಯರು ಸಿಗುತ್ತಾರೆ. ನಮಗೆಲ್ಲ ಭಾನುವಾರ ಬೇಕು ಅನ್ನಿಸುವುದಿಲ್ಲವಾ, ಹಾಗೆ ಅವರಿಗೂ ಒಂದು ದಿನ ಸಿಗುತ್ತದೆ.

ವಯಸ್ಸು ಇಪ್ಪತ್ತೆರಡಾಯ್ತು. ಇನ್ನು ಕಲಿತು ಏನು ಪ್ರಯೋಜನ?

ಅತಿ ಹೆಚ್ಚು ನೋವಾಗುವ ಪ್ರಶ್ನೆ ಇದು. ಕೇಳುವವರು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ, ಸುಸ್ತಾಗಿ ಕೇಳುತ್ತಾರೆ. ಕಾಯ್ದೆ ಪ್ರಕಾರ ಉಚಿತ ಶಿಕ್ಷಣದ ಹಕ್ಕು 18 ವರ್ಷದವರೆಗೆ. ಆಮೇಲೆ ಶಾಲೆ ಇಲ್ಲ, ವ್ಯಾನ್ ಬರುವುದಿಲ್ಲ, ಟೀಚರ್ ಕರೆಯುವುದಿಲ್ಲ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಹಗಲೆಲ್ಲ ಟಿ.ವಿ. ಮುಂದೆ ಕೂತಿರುವ ಎಷ್ಟೋ ಯುವಕರನ್ನು ನೋಡಿದ್ದೇನೆ. ಹತ್ತು ವರ್ಷ ಶಾಲೆಯಲ್ಲಿ ಕಲಿತದ್ದು ಎರಡೇ ವರ್ಷದಲ್ಲಿ ಮರೆತುಹೋಗಿರುತ್ತದೆ.

ಅದಕ್ಕೇ ನಾವು ಬೇಕಂತಲೇ ಈ ವಯಸ್ಸಿನವರನ್ನು ಕರೆಯುತ್ತೇವೆ. ಅದೇ ಕಾಯ್ದೆಯ 29ನೇ ಸೆಕ್ಷನ್ ಓದಿ. ಕಲೆ, ಸಂಸ್ಕೃತಿ, ಮನರಂಜನೆಯಲ್ಲಿ ಅಂಗವಿಕಲರೂ ಎಲ್ಲರಂತೆ ಭಾಗವಹಿಸುವ ಹಾಗೆ ಸರ್ಕಾರ ನೋಡಿಕೊಳ್ಳಬೇಕು ಅಂತ ಇದೆ. ಅದಕ್ಕೆ ವಯಸ್ಸಿನ ಮಿತಿ ಹಾಕಿಲ್ಲ.

## ಸಾಮಾನು, ಜಾಗ, ಜೋಪಾನ

ಏನೇನು ಸಾಮಾನು ಬೇಕು? ತುಂಬಾ ದುಡ್ಡಾಗುತ್ತಾ?

ನಮ್ಮ ಊರಿನಲ್ಲಿ ಸುಮ್ನೆ ಬಿದ್ದಿರುವುದೇ ಸಾಕು. ಶಿಡ್ಲಘಟ್ಟ ಅಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಈಗ ಪ್ಲಾಸ್ಟಿಕ್ಕಿನವು ಬಂದ ಮೇಲೆ ಹಳೇ ಬಿದಿರಿನ ಚಂದ್ರಿಕೆಗಳು ಬಹಳ ಮನೆಗಳ ಅಟ್ಟದಲ್ಲಿ ಬಿದ್ದಿವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಂದ್ರಿಕೆ ಅಂದರೆ ಹಣ್ಣಾದ ಹುಳು ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿ. ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕೂರಿಸಿರುತ್ತಾರೆ.

ಅದನ್ನು ನೆಲದ ಮೇಲೆ ಮಲಗಿಸಿ ಸುತ್ತಲೂ ಎಂಟು ಜನ ಕೂರಬಹುದು. ಸುರುಳಿಯ ಸಂದಿಯಲ್ಲಿ ದಾರ ಸಿಕ್ಕಿಸಬಹುದು, ಬಟ್ಟೆ ಪಟ್ಟಿ ಹೆಣೆಯಬಹುದು, ಗೂಡು ಕೂರಿಸಬಹುದು. ಯಾವ ಕಡೆಯಿಂದ ಶುರು ಮಾಡಿದರೂ ಸುರುಳಿ ಪಕ್ಕದವರ ಹತ್ತಿರ ಕರೆದುಕೊಂಡು ಹೋಗುತ್ತದೆ. ಜೊತೆಗೂಡಿ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಚೌಕಟ್ಟು ನನಗೆ ಸಿಕ್ಕಿಲ್ಲ. ಒಂದು ಜೋಪಾನ: ಹುಳು ಮನೆಯ ಸಾಮಾನಿಗೆ ಬ್ಲೀಚಿಂಗ್ ಪುಡಿ, ಫಾರ್ಮಾಲಿನ್ ಹಾಕಿರುತ್ತಾರೆ. ಸೋಪು ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ನಾಲ್ಕೈದು ದಿನ ಬಿಸಿಲಿಗೆ ಹಾಕಿ. ಸಿಬುರು ಎದ್ದ ಕಡೆ ಮರಳು ಕಾಗದದಲ್ಲಿ ತಿಕ್ಕಿ.

ಗೂಡು ತರುವಾಗ ಚಿಟ್ಟೆ ಹೊರಬಂದು ತೂತಾದದ್ದನ್ನೇ ತನ್ನಿ. ಒಳಗೆ ಹುಳು ಉಳಿದಿದ್ದರೆ ವಾಸನೆ ಬರುತ್ತದೆ. ನಮ್ಮ ಹುಡುಗನೊಬ್ಬ ಒಂದೊಂದು ಗೂಡನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಲೊಟಲೊಟ ಅಂದರೆ ಪಕ್ಕಕ್ಕೆ ಇಡುತ್ತಾನೆ, ಶಬ್ದ ಇಲ್ಲದಿದ್ದರೆ ದಾರಕ್ಕೆ ಪೋಣಿಸುತ್ತಾನೆ. ಅವನ ತಂದೆ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು. ಮಾರುಕಟ್ಟೆಯಲ್ಲಿ ಅವರೂ ಹೀಗೇ ಅಲ್ಲಾಡಿಸಿ ನೋಡುವುದು. ಯಾರೂ ಹೇಳಿಕೊಟ್ಟಿದ್ದಲ್ಲ, ನೋಡಿ ಕಲಿತದ್ದು.

ತುಮಕೂರು, ತಿಪಟೂರು ಕಡೆಯವರಿಗೆ ತೆಂಗಿನ ನಾರು, ಅಡಿಕೆ ಹಾಳೆ ಇದೆ. ಶ್ರೀನಿವಾಸಪುರದವರಿಗೆ ಮಾವಿನ ವಾಟೆ ಇದೆ. ಅಂಗಡಿಯಿಂದ ನಾವು ತರುವುದು ದಾರ, ಟೇಪ್, ದೊಡ್ಡ ಬ್ರಷ್ಷು ಮಾತ್ರ.

ಬಣ್ಣ ಬಾಯಿಗೆ ಹಾಕ್ಕೊಂಡ್ರೆ ಏನ್ಮಾಡ್ತೀರಾ?

ಹಾಕಿಕೊಳ್ಳುವವರು ಇದ್ದಾರೆ ಅಂತ ಗೊತ್ತಿದ್ದರೆ ಅಡುಗೆ ಮನೆಯ ಬಣ್ಣವನ್ನೇ ಬಳಸುತ್ತೇವೆ. ಅರಿಶಿನ, ಬೀಟ್‌ರೂಟ್ ರಸ, ಸೊಪ್ಪಿನ ರಸ, ಕಾಫಿ ಡಿಕಾಕ್ಷನ್. ಅಂಟಿಗೆ ಮೈದಾ ಸರಿ. ಅರಿಶಿನ ಬಳಿದು ಒಣಗಿಸಿದ ಕಾಗದದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಬ್ರಷ್ ಆಡಿಸಿದರೆ ಕೆಂಪು ಗೆರೆ ಮೂಡುತ್ತದೆ. ಸುಣ್ಣದಲ್ಲೂ ಆಗುತ್ತದೆ, ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಬಹಳ ಅಪಾಯ, ಹತ್ತಿರಕ್ಕೂ ತರುವುದಿಲ್ಲ. ಹೋಳಿ ಬಣ್ಣ, ಮನೆಗೆ ಬಳಿಯುವ ಆಯಿಲ್ ಪೇಂಟ್ ಬೇಡ. ರಂಗೋಲಿ ಪುಡಿಯ ಧೂಳು ಕೆಲವರಿಗೆ ಕೆಮ್ಮು ತರಿಸುತ್ತದೆ. ಗುಂಡುಪಿನ್ನು, ಚಿಕ್ಕ ಮಣಿ, ಗುಂಡಿಗಳನ್ನೂ ದೂರ ಇಡಿ.

ಎಷ್ಟು ಜನ ಇರಬೇಕು? ಎಷ್ಟು ಹೊತ್ತು?

ನಮ್ಮ ಅನುಭವದಲ್ಲಿ ಎಂಟು ಜನಕ್ಕಿಂತ ಜಾಸ್ತಿ ಆದರೆ ಯಾರೋ ಒಬ್ಬರು ಮೂಲೆ ಸೇರುತ್ತಾರೆ. ಹೊತ್ತು ಒಂದೂವರೆ ಗಂಟೆ, ಮಧ್ಯೆ ಟೀ. ಶುರು ಮತ್ತು ಮುಕ್ತಾಯ ಪ್ರತಿ ವಾರ ಒಂದೇ ಥರ ಇರಲಿ. ನಾವು ಗಂಟೆ ಬಾರಿಸಿ ಶುರು ಮಾಡುತ್ತೇವೆ, ಕೈ ತೊಳೆದು ಮುಗಿಸುತ್ತೇವೆ. ಶಬ್ದ ತಡೆಯಲಾಗದವರಿಗೆ ಹೊರಗಡೆ ಹೊಂಗೆ ಮರದ ಕೆಳಗೆ ಒಂದು ಚಾಪೆ ಸದಾ ಹಾಸಿರುತ್ತದೆ. ಎದ್ದು ಹೋಗಿ ಕೂತು ಬರಬಹುದು, ಯಾರೂ ಕಾರಣ ಕೇಳುವುದಿಲ್ಲ.

ಮನೇಲಿ ನಾವು ತೆಲುಗು ಮಾತಾಡೋದು. ನೀವು ಕನ್ನಡದಲ್ಲಿ ಹೇಳಿದ್ರೆ ಅವಳಿಗೆ ಗೊತ್ತಾಗುತ್ತಾ?

ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು ಕಡೆ ಇದು ದೊಡ್ಡ ವಿಷಯ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು ಅಥವಾ ಉರ್ದು. ಮಾತು ನಿಧಾನಕ್ಕೆ ಬರುವವರಿಗೆ ಮನೆ ಮಾತೇ ಮೊದಲು. ನಮ್ಮಲ್ಲಿ ಒಂದು ಎಡವಟ್ಟು ಆಗಿತ್ತು. ತೆಲುಗಿನಲ್ಲಿ 'ಪಚ್ಚ' ಅಂದರೆ ಹಸಿರೂ ಆಗುತ್ತದೆ, ಹಳದಿಯೂ ಆಗುತ್ತದೆ. ತೆಲುಗು ಮಾತಾಡುವ ನಮ್ಮ ಒಬ್ಬ ಹುಡುಗಿ ಹಳದಿ ಕೇಳುತ್ತಿದ್ದಳು, ನಾವು ಹಸಿರು ಕೊಡುತ್ತಿದ್ದೆವು. ಎರಡು ವಾರ ಬೇಜಾರಲ್ಲಿದ್ದಳು. ಈಗ ಬಟ್ಟಲುಗಳನ್ನೇ ಮುಂದೆ ಇಟ್ಟು ತೋರಿಸುತ್ತೇವೆ. ಬರುವ ಮೊದಲು ನಿಮ್ಮ ಹುಡುಗಿ ಬಳಸುವ ಹತ್ತಿಪ್ಪತ್ತು ಪದ ಬರೆದುಕೊಟ್ಟರೆ ಬಹಳ ಉಪಕಾರ.

ಮಧ್ಯದಲ್ಲಿ ಫಿಟ್ಸ್ ಬಂದ್ರೆ?

ಗಾಬರಿ ಬೇಡ, ಆದರೆ ಎಲ್ಲರಿಗೂ ಗೊತ್ತಿರಬೇಕು. ಸುತ್ತಲಿನ ಸಾಮಾನು ಸರಿಸಿ. ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ. ಆದಷ್ಟು ಬೇಗ ಒಂದು ಪಕ್ಕಕ್ಕೆ ಮಲಗಿಸಿ. ಕೈಕಾಲು ಒತ್ತಿ ಹಿಡಿಯಬೇಡಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಿ. ಮಾತ್ರೆಯ ಹೆಸರು, ಮನೆಯ ಫೋನ್ ನಂಬರ್ ಗೋಡೆಗೆ ಅಂಟಿಸಬೇಡಿ, ಒಂದು ಪುಸ್ತಕದಲ್ಲಿ ಬರೆದು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

## ಜೊತೆಗೆ ಕೂತಾಗ

ಮಾತೇ ಆಡದವರ ಇಷ್ಟ ಏನು ಅಂತ ಹೇಗೆ ತಿಳ್ಕೊಳ್ಳೋದು?

ಎರಡು ಬಟ್ಟಲು ಮುಂದಿಡಿ. ಕಾಯಿರಿ. ನಾವು ಕಾಯುವುದಿಲ್ಲ, ಅದೇ ತೊಂದರೆ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಕಣ್ಣು ಯಾವ ಕಡೆ ಹೋಯಿತು, ಕೈ ಯಾವ ಕಡೆ ವಾಲಿತು ನೋಡಿ. ಆಮೇಲೆ ಬಟ್ಟಲುಗಳ ಜಾಗ ಬದಲಾಯಿಸಿ ಇನ್ನೊಮ್ಮೆ ಕೇಳಿ. ಬಲಗಡೆಯದನ್ನೇ ಮುಟ್ಟುವ ಅಭ್ಯಾಸ ಇರುವವರು ಇರುತ್ತಾರೆ.

'ಬೇಡ' ಅನ್ನುವುದಕ್ಕೂ ಬಾಯಿ ಬೇಕಿಲ್ಲ. ತಳ್ಳುವುದು, ಕುರ್ಚಿ ಹಿಂದೆ ಸರಿಸುವುದು, ಕಣ್ಣು ಮುಚ್ಚುವುದು, ದಾರ ಕೆಳಗೆ ಬಿಡುವುದು, ಎಲ್ಲ 'ಬೇಡ'ವೇ. ಕಳೆದ ವಾರ ಒಪ್ಪಿದ್ದರು ಅಂತ ಈ ವಾರವೂ ಒಪ್ಪಿದ ಹಾಗಲ್ಲ. ಸಹಾಯ ಮಾಡುವಾಗ ಅವರ ಕೈ ಮೇಲೆ ನಿಮ್ಮ ಕೈ ಇಟ್ಟು ಎಳೆಯಬೇಡಿ. ನಿಮ್ಮ ಕೈಯನ್ನು ಅವರ ಕೈ ಕೆಳಗೆ ಇಡಿ. ಆಗ ಅವರು ಬೇಕಾದಾಗ ಕೈ ತೆಗೆಯಬಹುದು.

ಸ್ವಲ್ಪ ತಿದ್ದಿ ಚೆನ್ನಾಗಿ ಮಾಡಿಕೊಟ್ರೆ ಏನ್ ತಪ್ಪು? ನೋಡೋರಿಗೂ ಖುಷಿ ಅಲ್ವಾ?

ಈ ತಪ್ಪು ನಾನೇ ಮಾಡಿದ್ದೇನೆ. ಅದಕ್ಕೇ ವಿವರವಾಗಿ ಹೇಳುತ್ತೇನೆ.

ನಮ್ಮ ಎರಡನೇ ಚಂದ್ರಿಕೆಯ ಕೆಲಸ ನಡೆಯುತ್ತಿತ್ತು. 19 ವರ್ಷದ ಒಬ್ಬ ಹುಡುಗ ಕೆಂಪು ದಾರವನ್ನು ಒಂದೇ ಜಾಗದಲ್ಲಿ ಸುತ್ತುತ್ತಲೇ ಇದ್ದ. ಪಕ್ಕಕ್ಕೆ ಹೋಗುತ್ತಲೇ ಇರಲಿಲ್ಲ. ಮೂರು ಭಾನುವಾರದಲ್ಲಿ ಅಲ್ಲೊಂದು ನಿಂಬೆಹಣ್ಣಿನ ಗಾತ್ರದ ಗಂಟು ಆಯಿತು. ನನ್ನ ಕಣ್ಣಿಗೆ ಅದು ಇಡೀ ಕೆಲಸದ ಅಂದ ಕೆಡಿಸಿದ ಹಾಗೆ ಕಂಡಿತು. ಎಲ್ಲರೂ ಹೋದ ಮೇಲೆ ಅರ್ಧ ಬಿಚ್ಚಿದೆ. ಉಳಿದ ದಾರವನ್ನು ಅತ್ತ ಇತ್ತ ಹರಡಿದೆ. ಚೆನ್ನಾಗಿದೆ ಅನ್ನಿಸಿತು.

ಮುಂದಿನ ಭಾನುವಾರ ಅವನು ಬಂದ. ಚಪ್ಪಲಿ ಬಿಟ್ಟವನೇ ನೇರ ಆ ಜಾಗಕ್ಕೆ ಕೈ ಹಾಕಿದ. ಬೆರಳುಗಳು ಗಂಟನ್ನು ಹುಡುಕಿದವು. ಸಿಕ್ಕಿತು, ಆದರೆ ಚಿಕ್ಕದು. ಹೆಬ್ಬೆರಳಿನಿಂದ ಅದರ ಸುತ್ತ ಎರಡು ಸಲ ಸವರಿದ. ನನ್ನ ಕಡೆ ನೋಡಿದ. ಆಮೇಲೆ ಎರಡು ವಾರ ಅವನು ದಾರ ಮುಟ್ಟಲಿಲ್ಲ. ಮೂರನೇ ವಾರ ನಾನು ಬಿಚ್ಚಿದ ದಾರವನ್ನೆಲ್ಲ ಉಂಡೆ ಮಾಡಿ ಅವನ ಅಂಗೈಯಲ್ಲಿಟ್ಟು "ತಪ್ಪಾಯ್ತು ಕಣಪ್ಪ" ಅಂದೆ. ಅವನು ಅದನ್ನು ಅದೇ ಜಾಗಕ್ಕೆ ಸುತ್ತಿದ, ಕೊನೆಯ ಎಳೆವರೆಗೂ.

ಆ ಗಂಟು ಅವನ ತೀರ್ಮಾನ. ಎಲ್ಲ ಕಡೆ ಸಮನಾಗಿ ಹರಡಿರಬೇಕು ಅನ್ನುವುದು ನನ್ನ ತೀರ್ಮಾನ. ನಾನು ಅವನಿಲ್ಲದಾಗ ನನ್ನದನ್ನು ಮೇಲೆ ಇಟ್ಟೆ. ನೋಡುವವರಿಗೆ ಖುಷಿ ಆಗಲಿ ಅಂತ ತಿದ್ದಿದ ಕೆಲಸ ನಮ್ಮದಾಗುತ್ತದೆ, ಹೆಸರು ಮಾತ್ರ ಅವರದು. ಅವರ ದಿನವೆಲ್ಲ ಬೇರೆಯವರೇ ತಿದ್ದುತ್ತಿರುತ್ತಾರೆ, ಗುಂಡಿ ಹಾಕುವುದರಿಂದ ಹಿಡಿದು ಊಟದವರೆಗೆ. ಇದೊಂದಾದರೂ ಬಿಡೋಣ.

ಹಾಗಂತ ಕೈ ಕಟ್ಟಿ ಕೂರಬೇಕು ಅಂತಲ್ಲ. ನೀವೂ ಗುಂಪಿನ ಒಬ್ಬರು. ನಿಮ್ಮ ದಾರ, ನಿಮ್ಮ ಬಣ್ಣ ತನ್ನಿ, ಅವರೆದುರಿಗೇ ಹಾಕಿ, ಬೇಡ ಅಂದರೆ ತೆಗೆಯಿರಿ. ಅವರಿಲ್ಲದಾಗ ಮುಟ್ಟಬೇಡಿ. ನಮ್ಮಲ್ಲಿ ಈಗ ಇದೊಂದೇ ಕಟ್ಟುನಿಟ್ಟು.

ಒಬ್ಬ ಇನ್ನೊಬ್ಬನ ಚಿತ್ರದ ಮೇಲೆ ಕಪ್ಪು ಬಳಿದುಬಿಟ್ಟ. ಜಗಳ ಆಯ್ತು. ಏನು ಮಾಡಬೇಕಿತ್ತು?

ಜಗಳ ಆಗುವುದು ಸಹಜ. ಒಂದೇ ಬಟ್ಟೆಯ ಮೇಲೆ ಎಂಟು ಜನ ಅಂದರೆ ಗಡಿ ದಾಟುತ್ತಾರೆ. ನಾವು ಮೊದಲೇ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕಾಗದ ಕೊಟ್ಟಿರುತ್ತೇವೆ. ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಹಂಚಿಕೊಳ್ಳುವ ಜಾಗ ಬೇರೆ. ತನ್ನದು ಅಂತ ಒಂದು ಭದ್ರವಾಗಿದ್ದರೆ ಹಂಚಿಕೊಳ್ಳುವುದು ಸುಲಭ. ಬಳಿದ ಮೇಲೆ ಅಳುತ್ತಿರುವವರನ್ನು ಮೊದಲು ಕೇಳಿ: ಅಳಿಸಬೇಕಾ, ಹಾಗೇ ಬಿಡಬೇಕಾ, ಮೇಲೆ ಇನ್ನೊಂದು ಹಾಕಬೇಕಾ? "ಪರವಾಗಿಲ್ಲ ಬಿಡು" ಅಂತ ನೀವು ಅವರ ಪರವಾಗಿ ಹೇಳಬೇಡಿ.

ನಾನು ಚಿತ್ರಕಲೆ ಓದ್ತಿದ್ದೀನಿ. ವಿಶೇಷ ಶಿಕ್ಷಣದ ಟ್ರೇನಿಂಗ್ ಇಲ್ಲ. ಬರಬಹುದಾ?

ಬನ್ನಿ. ಮೊದಲ ಮೂರು ವಾರ ಏನೂ ಹೇಳಿಕೊಡಬೇಡಿ, ಪಕ್ಕದಲ್ಲಿ ಕೂತು ನಿಮ್ಮ ಕೆಲಸ ಮಾಡಿ. ಒಮ್ಮೆ ಬಂದು ಫೋಟೋ ತೆಗೆದುಕೊಂಡು ಹೋಗುವುದಾದರೆ ಬೇಡ. ಅವರು ಮುಂದಿನ ವಾರ ನಿಮ್ಮನ್ನು ಬಾಗಿಲಲ್ಲಿ ಕಾಯುತ್ತಾರೆ.

## ಹೊರಗೆ ತೋರಿಸುವಾಗ

ಪ್ರದರ್ಶನ ಇಡಬೇಕು ಅಂತಿದ್ದೀವಿ. ಏನು ನೆನಪಲ್ಲಿಟ್ಟುಕೊಳ್ಳಬೇಕು?

ಯಾವಾಗ ಇಡುತ್ತೀರಿ ಅನ್ನುವುದೇ ಮೊದಲ ವಿಷಯ. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನದಂದು ಎಲ್ಲರೂ ಕರೆಯುತ್ತಾರೆ. ಉಳಿದ ದಿನ ಯಾರೂ ಕರೆಯುವುದಿಲ್ಲ. ಊರಿನ ಜಾತ್ರೆ, ಗ್ರಂಥಾಲಯ, ಕಾಲೇಜಿನ ವಾರ್ಷಿಕೋತ್ಸವ, ಜನ ಹೇಗೂ ಬರುವ ಜಾಗದಲ್ಲಿ ಇಡಿ.

ಒಂದು ಸಮಾರಂಭದಲ್ಲಿ ನಮ್ಮವರನ್ನು ವೇದಿಕೆಗೆ ಕರೆದು "ಪಾಪ, ಈ ದೇವರ ಮಕ್ಕಳು" ಅಂತ ಮೈಕಿನಲ್ಲಿ ಹೇಳಿದರು. 24 ವರ್ಷದ ನಮ್ಮ ಹುಡುಗಿ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಕೆಳಗಿಳಿದಳು. ಈಗ ಕರೆದವರಿಗೆ ಮುಂಚೆಯೇ ಹೇಳುತ್ತೇವೆ. ಇವರು ಮಕ್ಕಳಲ್ಲ, 'ಪಾಪ' ಅನ್ನಬೇಡಿ, ಕೆಲಸದ ಪಕ್ಕದಲ್ಲಿ ಹೆಸರು ಬರೆಯಿರಿ, ವೈಕಲ್ಯದ ಹೆಸರು ಬರೆಯಬೇಡಿ. ಭಾಷಣ ಹತ್ತು ನಿಮಿಷ ಮೀರಬಾರದು. ಗಾಲಿಕುರ್ಚಿಯಲ್ಲಿ ಬರುವವರ ಕಣ್ಣಿಗೆ ಸಿಗುವ ಎತ್ತರದಲ್ಲಿ ತೂಗುಹಾಕಿ. ಮುಟ್ಟಿ ನೋಡಬಹುದು ಅಂತ ಬೋರ್ಡ್ ಹಾಕಿದರೆ ಇನ್ನೂ ಒಳ್ಳೆಯದು. ನಮ್ಮ ಚಂದ್ರಿಕೆಗಳನ್ನು ಮುಟ್ಟದೆ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ.

ಫೋಟೋ ಸ್ಟೇಟಸ್‌ಗೆ ಹಾಕಬಹುದಾ?

ಅವರನ್ನು ಕೇಳಿ. ಫೋಟೋ ಅವರಿಗೇ ತೋರಿಸಿ, ಎಲ್ಲಿ ಹಾಕುತ್ತೀರಿ ಅಂತ ಹೇಳಿ ಕೇಳಿ. 18 ದಾಟದವರಾದರೆ ಮನೆಯವರ ಒಪ್ಪಿಗೆಯೂ ಬೇಕು. ಅನುಮಾನ ಇದ್ದರೆ ಕೈಗಳದ್ದು, ಕೆಲಸದ್ದು ಮಾತ್ರ ಹಾಕಿ.

ಯಾರಾದ್ರೂ ಕೊಂಡುಕೊಂಡ್ರೆ ದುಡ್ಡು ಯಾರಿಗೆ? ಇದು ಯಾರ ಕೃತಿ?

ಮಾಡಿದವರ ಕೃತಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಜಂಟಿ ಕರ್ತೃತ್ವ ಅಂತ ಇದೆ. ಯಾರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದ ಹಾಗೆ ಒಟ್ಟಿಗೆ ಮಾಡಿದ್ದರೆ ಎಲ್ಲರೂ ಕರ್ತೃಗಳೇ. ವೈಕಲ್ಯ ಇದೆ ಅಂತ ಆ ಹಕ್ಕು ಹೋಗುವುದಿಲ್ಲ. ಕರ್ತೃಗಳಲ್ಲಿ ಕೊನೆಯವರು ತೀರಿಕೊಂಡ ಮೇಲೂ 60 ವರ್ಷ ಅದು ಉಳಿಯುತ್ತದೆ. ದಾರ ಕೊಟ್ಟ ಮಾತ್ರಕ್ಕೆ, ಹಾಲ್ ಕೊಟ್ಟ ಮಾತ್ರಕ್ಕೆ ಸಂಸ್ಥೆ ಮಾಲೀಕ ಆಗುವುದಿಲ್ಲ.

ನಾವು ಹೀಗೆ ಮಾಡುತ್ತೇವೆ. ಶುರುವಿನಲ್ಲೇ ಒಂದು ಪುಸ್ತಕದಲ್ಲಿ ಯಾರು ಯಾವ ವಾರ ಬಂದರು ಬರೆದಿಡುತ್ತೇವೆ. ಸಾಮಾನಿನ ಖರ್ಚು ಕಳೆದು ಉಳಿದದ್ದನ್ನು ಸಮನಾಗಿ ಹಂಚಿ ಅವರವರ ಬ್ಯಾಂಕ್ ಖಾತೆಗೇ ಹಾಕುತ್ತೇವೆ. ದೊಡ್ಡ ಮೊತ್ತ, ಒಪ್ಪಂದಕ್ಕೆ ಸಹಿ ಅಂತ ಬಂದಾಗ ತಾನೇ ನಿಭಾಯಿಸಲಾಗದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸುವ ದಾರಿ ಇದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು.

ಸಹಿ ಬಗ್ಗೆಯೂ ಕೇಳುತ್ತಾರೆ. ಬರೆಯಬಲ್ಲವರು ಬರೆಯುತ್ತಾರೆ. ಬಟ್ಟೆ ಹರಿಯುವ ಹುಡುಗಿ ಒಂದು ಚಿಕ್ಕ ಪಟ್ಟಿ ಹರಿದು ಅಂಚಿಗೆ ಕಟ್ಟುತ್ತಾಳೆ. ಅದೇ ಅವಳ ಸಹಿ.

ನಿಜ ಹೇಳಿ, ದೊಡ್ಡ ದೊಡ್ಡ ಕಲಾವಿದರ ಸಾಲಿನಲ್ಲಿ ಇಂಥವರನ್ನ ಯಾರಾದ್ರೂ ಒಪ್ತಾರಾ?

ಒಪ್ಪಿದ್ದಾರೆ. ಜುಡಿತ್ ಸ್ಕಾಟ್ ಅಂತ ಅಮೆರಿಕದ ಒಬ್ಬ ಕಲಾವಿದೆ, ಹುಟ್ಟಿದ್ದು 1943ರಲ್ಲಿ. ಡೌನ್ ಸಿಂಡ್ರೋಮ್ ಇತ್ತು, ಅಂದರೆ ಹುಟ್ಟಿನಿಂದಲೇ ಬರುವ, ಬೌದ್ಧಿಕ ವೈಕಲ್ಯ ಇರುವ ಸ್ಥಿತಿ. ಕಿವಿ ಕೇಳಿಸುವುದಿಲ್ಲ ಅನ್ನುವುದು ಬಹಳ ವರ್ಷ ಯಾರ ಗಮನಕ್ಕೂ ಬರಲಿಲ್ಲ. ಏಳನೇ ವಯಸ್ಸಿಗೆ ಅವರನ್ನು ಮನೆಯಿಂದ ದೂರದ ಸಂಸ್ಥೆಗೆ ಸೇರಿಸಿದರು. 35 ವರ್ಷ ಅಂಥ ಜಾಗಗಳಲ್ಲೇ ಕಳೆದರು. ಆಮೇಲೆ ಅವಳಿ ಸಹೋದರಿ ಹೋರಾಡಿ ಹೊರಗೆ ಕರೆತಂದರು. 1987ರಲ್ಲಿ ಓಕ್ಲೆಂಡಿನ ಕ್ರಿಯೇಟಿವ್ ಗ್ರೋತ್ ಎಂಬ ಕಲಾ ಕೇಂದ್ರಕ್ಕೆ ಸೇರಿದರು. ಸಿಕ್ಕ ವಸ್ತುಗಳಿಗೆ ದಾರ, ಉಣ್ಣೆ, ಬಟ್ಟೆ ಸುತ್ತಿ ಸುತ್ತಿ ದೊಡ್ಡ ಶಿಲ್ಪಗಳನ್ನು ಮಾಡಿದರು. 2005ರಲ್ಲಿ ತೀರಿಕೊಂಡರು. ಇವತ್ತು ಅವು ದೊಡ್ಡ ಮ್ಯೂಸಿಯಂಗಳಲ್ಲಿವೆ. ಕೆಂಪು ದಾರದ ಗಂಟಿನ ಮುಂದೆ ಕೂತಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಬ್ರಿಟನ್ನಿನ ನೆನಾ ಕಾಲು ಇನ್ನೂ ಇತ್ತೀಚಿನವರು. ಬೌದ್ಧಿಕ ವೈಕಲ್ಯ ಇದೆ, ಮಾತು ಕಮ್ಮಿ. ಬಟ್ಟೆ, ಟೇಪ್ ಸುತ್ತಿದ ತೂಗು ಶಿಲ್ಪಗಳು, ಸುಳಿಯಂಥ ಚಿತ್ರಗಳು ಅವರವು. 2025ರ ಟರ್ನರ್ ಪ್ರಶಸ್ತಿ ಅವರಿಗೆ ಬಂತು. ಅಲ್ಲಿಯ ಅತಿ ದೊಡ್ಡ ಕಲಾ ಪ್ರಶಸ್ತಿಗಳಲ್ಲಿ ಅದೊಂದು. ಅವರ ಹಿಂದೆ ಒಂದು ಕಲಾ ಸಂಸ್ಥೆಯ ಎರಡು ದಶಕಕ್ಕೂ ಹೆಚ್ಚಿನ ಒತ್ತಾಸೆ ಇದೆ. ಅಷ್ಟು ವರ್ಷ ಪಕ್ಕದಲ್ಲಿ ನಿಲ್ಲುವವರು ಬೇಕು.

ನಮ್ಮ ತಾಲ್ಲೂಕಿನಲ್ಲೂ ಶುರು ಮಾಡಬೇಕು. ಯಾರನ್ನ ಕೇಳೋದು?

ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಾಣಿ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಬಿ.ಆರ್.ಸಿ.ಯ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಸಂಪನ್ಮೂಲ ಶಿಕ್ಷಕರಿಗೆ ಶಾಲೆ ಬಿಟ್ಟವರ ಪರಿಚಯವೂ ಇರುತ್ತದೆ. ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಅಂತ ಶೇ. 5ರ ಅನುದಾನ ತೆಗೆದಿಡುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಅದರಲ್ಲಿ ಬಣ್ಣ, ದಾರಕ್ಕೂ ಒಂದಿಷ್ಟು ಕೊಡಿ ಅಂತ ಕೇಳಿ. ಮಾಲೂರು ಕಡೆಯವರಾದರೆ ಶಿವಾರಪಟ್ಟಣದ ಶಿಲ್ಪಿಗಳನ್ನು ಜೊತೆಗೆ ಸೇರಿಸಿಕೊಳ್ಳಿ. ಕಲ್ಲು ಕೊರೆಯುವ ಮಿಷನ್ ನಿಲ್ಲಿಸಿದ ಹೊತ್ತಿಗೆ ಹೋಗಿ. ಧೂಳು, ಶಬ್ದ ಎರಡೂ ಜಾಸ್ತಿ.

ಮೊದಲ ದಿನ ಒಬ್ಬರೇ ಬಂದರೂ ನಡೆಸಿ. ನಮ್ಮಲ್ಲಿ ಮೊದಲ ಎರಡು ಭಾನುವಾರ ಬಂದವಳು ಬಟ್ಟೆ ಹರಿಯುವ ಹುಡುಗಿ ಒಬ್ಬಳೇ, ಅವರಮ್ಮನ ಜೊತೆ. ಚಂದ್ರಿಕೆ ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಿ. ತೊಳೆದು ಒಣಗಿಸಿದ್ದು ಇನ್ನೂ ನಾಲ್ಕು ಇವೆ.